ದೋಹಾ ತಲುಪಿದ ದಾರಿ: 2016ರ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ಲೆಕ್ಕ

ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ನಡೆಸುತ್ತಿದ್ದ ಕ್ಲಬ್ ಟೂರ್ನಿ ಎಎಫ್‌ಸಿ ಕಪ್. 2016ರ ಕಪ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಕಂಠೀರವದ ಸೆಮಿಫೈನಲ್, ಅದರಲ್ಲೂ ಸುನಿಲ್ ಛೆಟ್ರಿ ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ಬಾರಿಸಿದ ಆ ಗೋಲು. ನೆನಪಿಡಬೇಕಾದದ್ದೇ, ಬೇಡ ಅನ್ನುವುದಿಲ್ಲ. ಆದರೆ ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಈ ಕಪ್ಪಿನ ಫೈನಲ್ ಮುಟ್ಟಿದ್ದು ಒಂದು ಚೆಂದದ ಗೋಲಿನಿಂದಲ್ಲ. ಕ್ವಾರ್ಟರ್ ಫೈನಲ್‌ನಿಂದ ಸೆಮಿಫೈನಲ್ ಮುಗಿಯುವ ತನಕ ನಾಲ್ಕು ಪಂದ್ಯಗಳಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಹೊಡೆದದ್ದು ಐದೇ ಗೋಲು. ಬಿಟ್ಟುಕೊಟ್ಟದ್ದು ಎರಡು. ಇಷ್ಟು ಸಣ್ಣ ಬಂಡವಾಳದಲ್ಲಿ ಫೈನಲ್‌ಗೆ ಹೋಗಬೇಕಾದರೆ ಯಾವ ಗೋಲು ಎಲ್ಲಿ, ಯಾವ ಹೊತ್ತಿನಲ್ಲಿ ಬಿತ್ತು ಅನ್ನುವುದೇ ಮುಖ್ಯ. ಈ ಬರಹ ಅದರ ಲೆಕ್ಕ.

ಹಾದಿ ಶುರುವಾಗುವುದು 2016ರಲ್ಲೂ ಅಲ್ಲ. 2015ರ ಜನವರಿಯಲ್ಲಿ ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 2-1ರಿಂದ ಸೋಲಿಸಿ ಬಿಎಫ್‌ಸಿ ಫೆಡರೇಶನ್ ಕಪ್ ಗೆದ್ದಿತು. 2016ರ ಎಎಫ್‌ಸಿ ಕಪ್‌ಗೆ ಟಿಕೆಟ್ ಸಿಕ್ಕಿದ್ದು ಅದರಿಂದ. ಅಂದರೆ ಟಿಕೆಟ್ ಕೊಂಡದ್ದಕ್ಕೂ ಫೈನಲ್ ಆಡಿದ್ದಕ್ಕೂ ನಡುವೆ ಸುಮಾರು 22 ತಿಂಗಳು. ಟಿಕೆಟ್ ಕೊಡಿಸಿದ ತಂಡ ಬೇರೆ, ಪ್ರಯಾಣ ಮಾಡಿದ ತಂಡ ಬೇರೆ. ಏಷ್ಯಾದ ಕ್ಲಬ್ ಟೂರ್ನಿಗಳಲ್ಲಿ ಇದು ಮಾಮೂಲು. ಈ ಅಂತರದಲ್ಲಿ ಕೋಚ್ ಬದಲಾಗುತ್ತಾರೆ, ವಿದೇಶಿ ಆಟಗಾರರ ಒಪ್ಪಂದ ಮುಗಿಯುತ್ತದೆ, ಲೀಗಿನ ವೇಳಾಪಟ್ಟಿಯೇ ಉಲ್ಟಾ ಆಗುತ್ತದೆ. ಬಿಎಫ್‌ಸಿಗೆ ಮೂರೂ ಆದವು.

ಅದಕ್ಕೂ ಮುಂಚಿನ ಭಾರತದ ದಾಖಲೆ ಇಷ್ಟು: 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್ ತನಕ ಹೋಗಿದ್ದವು. ಅದರಾಚೆ ಯಾರೂ ದಾಟಿರಲಿಲ್ಲ. 2013ರಲ್ಲಷ್ಟೇ ಹುಟ್ಟಿದ ಬಿಎಫ್‌ಸಿ 2015ರಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ಎದುರು 0-2 ಸೋತು 16ರ ಘಟ್ಟದಲ್ಲೇ ಮನೆ ಸೇರಿತ್ತು.

ಎರಡನೇ ಸ್ಥಾನದ ಬೆಲೆ

2016ರ ನಿಯಮ ಸ್ವಲ್ಪ ಗಮನಿಸಿ. 32 ತಂಡ, ಎಂಟು ಗುಂಪು. ನಾಲ್ಕು ಗುಂಪು ಪಶ್ಚಿಮ ಏಷ್ಯಾ ಕಡೆಯವು, ನಾಲ್ಕು ಪೂರ್ವದ ಕಡೆಯವು. ಪ್ರತಿ ಗುಂಪಿನಿಂದ ಮೊದಲ ಇಬ್ಬರು ಮುಂದಕ್ಕೆ. 16ರ ಘಟ್ಟ ಒಂದೇ ಪಂದ್ಯ, ಅದೂ ಗುಂಪಿನಲ್ಲಿ ಮೊದಲು ಬಂದವರ ಅಂಗಣದಲ್ಲಿ. ಕ್ವಾರ್ಟರ್ ಮತ್ತು ಸೆಮಿಫೈನಲ್ ತವರು, ಹೊರಗು ಎಂದು ಎರಡೆರಡು ಲೆಗ್. ಫೈನಲ್ ಮತ್ತೆ ಒಂದೇ ಪಂದ್ಯ. ಪೂರ್ವ, ಪಶ್ಚಿಮದ ತಂಡಗಳು ಫೈನಲ್‌ನಲ್ಲಿ ಬಿಟ್ಟರೆ ಎಲ್ಲೂ ಎದುರಾಗುವುದಿಲ್ಲ. ಹಿಂದಿನ ವರ್ಷ ಹೀಗಿರಲಿಲ್ಲ, ಕ್ವಾರ್ಟರ್ ಫೈನಲ್‌ನಿಂದಲೇ ಎರಡೂ ಕಡೆಯವರು ಬೆರೆಯುತ್ತಿದ್ದರು. ಭಾರತದ ಕ್ಲಬ್ಬುಗಳು ಪೂರ್ವದ ಅರ್ಧದಲ್ಲಿದ್ದವು. ಇರಾಕ್, ಸಿರಿಯಾ, ಲೆಬನಾನ್‌ನ ಗಟ್ಟಿ ತಂಡಗಳೆಲ್ಲ ಆಚೆ ಬದಿ. ಬಿಎಫ್‌ಸಿಗೆ ಇದು ದೊಡ್ಡ ಅನುಕೂಲ, ಇದನ್ನು ಒಪ್ಪಿಕೊಂಡೇ ಮಾತಾಡಬೇಕು. 2013ರಲ್ಲಿ ಈಸ್ಟ್ ಬೆಂಗಾಲ್‌ಗೆ ಸೆಮಿಫೈನಲ್‌ನಲ್ಲೇ ಕುವೈತ್‌ನ ಕ್ಲಬ್ ಅಡ್ಡ ಬಂದಿತ್ತು.

ಬಿಎಫ್‌ಸಿ ಇದ್ದದ್ದು ಎಚ್ ಗುಂಪಿನಲ್ಲಿ. ಜೊತೆಗೆ ಮ್ಯಾನ್ಮಾರ್‌ನ ಅಯೆಯಾವಡಿ ಯುನೈಟೆಡ್, ಲಾವೋಸ್‌ನ ಲಾವೋ ಟೊಯೊಟಾ, ಮತ್ತು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಈ ಕೊನೆಯ ಹೆಸರನ್ನು ಎಲ್ಲರೂ ಜೆಡಿಟಿ ಅಂತಲೇ ಕರೆಯುವುದು. ಜೊಹೊರ್‌ನ ಯುವರಾಜರೇ ಒಡೆಯರಾಗಿರುವ, ದುಡ್ಡಿಗೆ ಬರವಿಲ್ಲದ ಕ್ಲಬ್. 2015ರ ಆರಂಭದಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಹೆಚ್ಚುವರಿ ಸಮಯದ ತನಕ ಎಳೆದು ಬಿಎಫ್‌ಸಿಯನ್ನು 2-1ರಿಂದ ಸೋಲಿಸಿದ್ದೂ ಇವರೇ. 2016ರ ಗುಂಪಿನ ಎರಡೂ ಪಂದ್ಯಗಳಲ್ಲಿ ಮತ್ತೆ ಇವರೇ ಗೆದ್ದರು. ಮೂರಕ್ಕೆ ಮೂರೂ ಸೋಲು.

ಅದೇ ತಿಂಗಳುಗಳಲ್ಲಿ ದೇಶದೊಳಗಿನ ಲೀಗ್ ಟೂರ್ನಿ ಐ-ಲೀಗ್ ಕೂಡ ಓಡುತ್ತಿತ್ತು. ಒಂಬತ್ತು ತಂಡ, ತಲಾ 16 ಪಂದ್ಯ. ಒಂದು ಪಂದ್ಯ ತಪ್ಪಿದರೂ ಪಟ್ಟ ಕೈತಪ್ಪುವಷ್ಟು ಚಿಕ್ಕ ಲೀಗ್. ಕೋಚ್ ಆಷ್ಲಿ ವೆಸ್ಟ್‌ವುಡ್ ಏಪ್ರಿಲ್‌ನಲ್ಲಿ ಆ ಪಟ್ಟ ಗೆದ್ದುಕೊಟ್ಟರು. ಎರಡು ದೋಣಿ ಒಟ್ಟಿಗೆ ನಡೆಸುವ ಕ್ಲಬ್ ಗುಂಪಿನ ಹಂತದಲ್ಲಿ ಮಾಡಬೇಕಾದ ಲೆಕ್ಕ ಸರಳ: ಬಲಿಷ್ಠನ ಎದುರು ಏನೂ ಸಿಗದಿದ್ದರೂ ಪರವಾಗಿಲ್ಲ, ಉಳಿದ ಇಬ್ಬರ ಎದುರಿನ ನಾಲ್ಕು ಪಂದ್ಯಗಳಲ್ಲಿ ಅಂಕ ಕೂಡಿಸಿ ಎರಡನೇ ಸ್ಥಾನ ಹಿಡಿ. ಬಿಎಫ್‌ಸಿ ಹಿಡಿದದ್ದು ಅದನ್ನೇ.

ಎರಡನೇ ಸ್ಥಾನಕ್ಕೆ ತೆರಬೇಕಾದ ದಂಡ ಅಂದರೆ 16ರ ಘಟ್ಟವನ್ನು ಪರರ ಊರಿನಲ್ಲಿ ಆಡುವುದು. ಎರಡನೇ ಲೆಗ್ ಇಲ್ಲ, ಸೋತರೆ ಮುಗಿಯಿತು. ಮೇ 25ರಂದು ಹಾಂಗ್‌ಕಾಂಗ್‌ನ ಮಾಂಗ್ ಕಾಕ್ ಸ್ಟೇಡಿಯಂನಲ್ಲಿ ಕಿಚೀ ಎದುರು ಬಿಎಫ್‌ಸಿ 3-2ರಿಂದ ಗೆದ್ದಿತು. ಇಡೀ ಹಾದಿಯಲ್ಲಿ ಅತಿ ಕಡಿಮೆ ಚರ್ಚೆಯಾಗುವ ಪಂದ್ಯ ಇದು. ಒಂದೇ ಪಂದ್ಯದ ನಾಕೌಟ್ ಹೊರ ಊರಿನಲ್ಲಿದ್ದಾಗ ಹೆಚ್ಚಿನ ತಂಡಗಳು ಗೂಡು ಕಟ್ಟಿಕೊಂಡು ಕೂರುತ್ತವೆ, 0-0 ಎಳೆದು ಟೈಬ್ರೇಕರ್‌ಗೆ ಕಾಯುತ್ತವೆ. ಎರಡು ಗೋಲು ಬಿಟ್ಟುಕೊಟ್ಟೂ ಮೂರು ಹೊಡೆದು ಬರುವುದು ಅಪರೂಪ. ವೆಸ್ಟ್‌ವುಡ್ ಬಿಎಫ್‌ಸಿ ಬಿಟ್ಟು ಹೊರಟದ್ದು ಇದಾದ ಬೆನ್ನಿಗೇ.

ಇನ್ನೊಂದು ಗುಂಪಿನಲ್ಲಿ ಮೊದಲು ಬಂದಿದ್ದ ಮೋಹನ್ ಬಾಗಾನ್‌ಗೆ ತವರಿನ ಹಕ್ಕು ಸಿಕ್ಕಿತ್ತು. ಗುವಾಹಟಿಯಲ್ಲಿ ಆಡಿ, ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್‌ಗೆ ಹೆಚ್ಚುವರಿ ಸಮಯದಲ್ಲಿ 1-2 ಸೋತಿತು. ತವರಿನ ಅಂಗಣ ಗೆಲುವಿನ ಖಾತರಿ ಪತ್ರವೇನೂ ಅಲ್ಲ. ಆ ಟ್ಯಾಂಪಿನೀಸೇ ಬಿಎಫ್‌ಸಿಯ ಮುಂದಿನ ಎದುರಾಳಿ ಆಯಿತು.

112 ದಿನಗಳ ಬಿಡುವು

ಮೇ 25ರಿಂದ ಸೆಪ್ಟೆಂಬರ್ 14. ನಡುವೆ 112 ದಿನ. ಐ-ಲೀಗ್ ಮುಗಿದಿದೆ, ಹೊಸ ಋತು ಶುರುವಾಗಿಲ್ಲ. ಬೇರೆ ದೇಶದ ಕ್ಲಬ್ಬುಗಳು ಈ ಹೊತ್ತಿಗೆ ತಮ್ಮ ಲೀಗಿನ ನಡುಮಧ್ಯದಲ್ಲಿ, ಆಡಿ ಹದವಾಗಿರುತ್ತವೆ. ಬಿಎಫ್‌ಸಿ ಬರೀ ಅಭ್ಯಾಸದ ಮೇಲೆ ನೇರ ಕ್ವಾರ್ಟರ್ ಫೈನಲ್‌ಗೆ ಇಳಿಯಬೇಕು. ಇಂಥ ಬಿಡುವು ಕೆಡಿಸುವುದು ದಮ್ಮನ್ನಲ್ಲ, ದಮ್ಮನ್ನು ಓಡಿಸಿ ತರಬಹುದು. ಕೆಡುವುದು ಅಂದಾಜು: ಪಾಸ್ ಎಷ್ಟು ಬೇಗ ಬಿಡಬೇಕು, ಡಿಫೆನ್ಸ್ ಸಾಲು ಯಾವಾಗ ಮುಂದೆ ಸರಿಯಬೇಕು ಅನ್ನುವ ಅಳತೆ. ಅದು ಪಂದ್ಯ ಆಡಿಯೇ ಬರಬೇಕು.

ಹೊಸ ಕೋಚ್ ಆಲ್ಬರ್ಟ್ ರೋಕಾ ಬಂದದ್ದು ಈ ಬಿಡುವಿನಲ್ಲಿ. ಬಾರ್ಸಿಲೋನಾದಲ್ಲಿ ಫ್ರ್ಯಾಂಕ್ ರೈಕಾರ್ಡ್ ಜೊತೆ ಸಹಾಯಕರಾಗಿದ್ದವರು, ಆಮೇಲೆ ಎಲ್ ಸಾಲ್ವಡೋರ್ ರಾಷ್ಟ್ರೀಯ ತಂಡ ನೋಡಿಕೊಂಡವರು. ಇಲ್ಲಿ ಅವರ ಮೊದಲ ಅಧಿಕೃತ ಪಂದ್ಯವೇ ಏಷ್ಯಾದ ಕ್ವಾರ್ಟರ್ ಫೈನಲ್. ವೆಸ್ಟ್‌ವುಡ್ ಕಾಲದ ಆಟ ನೇರ, ಗಟ್ಟಿ, ಓಟ ಹೆಚ್ಚು. ರೋಕಾಗೆ ಚೆಂಡು ಕಾಲಲ್ಲೇ ಇರಬೇಕು. ಎರಡು ಶಾಲೆಗಳ ನಡುವೆ ತಂಡವನ್ನು ದಾಟಿಸಲು ಸಿಕ್ಕ ಪಂದ್ಯಗಳು ಸೊನ್ನೆ. ಹಾಗಾಗಿ ಅವರು ಎಲ್ಲವನ್ನೂ ಅಳಿಸಿ ಹೊಸದು ಬರೆಯಲು ಹೋಗಲಿಲ್ಲ. ಹಿಂದಿನವರು ಬಿಟ್ಟುಹೋದ ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್) ಬಲ, ಡಿಫೆನ್ಸಿನ ಶಿಸ್ತು ಹಾಗೇ ಉಳಿಯಿತು. ಬದಲಾದದ್ದು ನಡುಭಾಗ.

ಆಗ ಎಎಫ್‌ಸಿ ಟೂರ್ನಿಗಳಲ್ಲಿ 3+1 ನಿಯಮ ಇತ್ತು. ಯಾವ ದೇಶದವರಾದರೂ ಸರಿ ಮೂವರು ವಿದೇಶಿಯರು, ಜೊತೆಗೆ ಏಷ್ಯಾ ಒಕ್ಕೂಟದ ಒಬ್ಬ. ಬಿಎಫ್‌ಸಿ ಈ ನಾಲ್ಕು ಜಾಗ ತುಂಬಿದ ರೀತಿ ನೋಡಿ: ಸೆಂಟರ್‌ಬ್ಯಾಕ್‌ನಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಸ್ಪೇನಿನ ಹುವಾನನ್, ನಡುವಿನಲ್ಲಿ ಸ್ಪೇನಿನ ಅಲ್ವಾರೊ ರೂಬಿಯೊ ಮತ್ತು ಏಷ್ಯಾ ಕೋಟಾದಲ್ಲಿ ಆಸ್ಟ್ರೇಲಿಯಾದ ಕ್ಯಾಮರೂನ್ ವಾಟ್ಸನ್ (ಫುಟ್‌ಬಾಲ್‌ನಲ್ಲಿ ಆಸ್ಟ್ರೇಲಿಯಾ ಏಷ್ಯಾ ಒಕ್ಕೂಟದಲ್ಲೇ ಇದೆ). ವಿದೇಶಿ ಸ್ಟ್ರೈಕರ್ ಒಬ್ಬನೂ ಇಲ್ಲ! ಭಾರತದ ಕ್ಲಬ್ಬುಗಳು ಕಣ್ಣು ಮುಚ್ಚಿಕೊಂಡು ವಿದೇಶಿ ದುಡ್ಡನ್ನು ಫಾರ್ವರ್ಡ್‌ಗೆ ಸುರಿಯುತ್ತಿದ್ದ ಕಾಲ ಅದು. ಬೆನ್ನೆಲುಬಿಗೆ ನಾಲ್ವರನ್ನು ಕಟ್ಟಿ, ಗೋಲಿನ ಹೊಣೆಯನ್ನು ಛೆಟ್ರಿ, ಸಿ.ಕೆ. ವಿನೀತ್, ಉದಾಂತ ಸಿಂಗ್, ಯುಜೆನ್ಸನ್ ಲಿಂಗ್ಡೊ ಇವರಿಗೆ ಬಿಟ್ಟದ್ದು ನನ್ನ ಮಟ್ಟಿಗೆ ಈ ಹಾದಿಯ ಅತಿ ಜಾಣ ತೀರ್ಮಾನ. ಆ ಐದು ಗೋಲುಗಳಲ್ಲಿ ನಾಲ್ಕು ಭಾರತೀಯರವೇ.

1-0 ಯಾಕೆ ಚಿಕ್ಕ ಅಂತರ ಅಲ್ಲ

ಸೆಪ್ಟೆಂಬರ್ 14, ಕಂಠೀರವ, ಕ್ವಾರ್ಟರ್ ಫೈನಲ್ ಮೊದಲ ಲೆಗ್. ಏಳನೇ ನಿಮಿಷದಲ್ಲಿ ವಿನೀತ್ ಗೋಲು. ಅಷ್ಟೇ, ಪಂದ್ಯ 1-0. ಟ್ಯಾಂಪಿನೀಸ್ ಪರ ಆಡುತ್ತಿದ್ದವರಲ್ಲಿ ಲಿವರ್‌ಪೂಲ್ ಪರ 2007ರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ್ದ ಜರ್ಮೇನ್ ಪೆನಂಟ್ ಕೂಡ ಇದ್ದರು. ಆದರೂ ಗೋಲು ಬರಲಿಲ್ಲ.

ತವರಿನಲ್ಲಿ ಒಂದೇ ಗೋಲಾ ಎಂದು ಮೂಗು ಮುರಿಯುವವರಿಗೆ ಅವೇ ಗೋಲ್ ನಿಯಮ ಬಿಡಿಸಿ ಹೇಳಬೇಕು. ಎರಡು ಲೆಗ್ ಸೇರಿಸಿ ಗೋಲು ಸಮ ಆದರೆ, ಪರರ ಅಂಗಣದಲ್ಲಿ ಹೆಚ್ಚು ಹೊಡೆದವರು ಮುಂದಕ್ಕೆ. ಹಾಗಾಗಿ ತವರಿನ ಮೊದಲ ಲೆಗ್‌ನಲ್ಲಿ ಎಷ್ಟು ಹೊಡೆದೆವು ಅನ್ನುವುದಕ್ಕಿಂತ ಏನೂ ಬಿಟ್ಟುಕೊಡಲಿಲ್ಲ ಅನ್ನುವುದು ದೊಡ್ಡ ಆಸ್ತಿ. 2-1ರಿಂದ ಗೆದ್ದರೂ ಅಂತರ ಒಂದೇ, 1-0ರಿಂದ ಗೆದ್ದರೂ ಒಂದೇ. ಆದರೆ 2-1 ಆಗಿದ್ದರೆ ಟ್ಯಾಂಪಿನೀಸ್‌ಗೆ ಸಿಂಗಪುರದಲ್ಲಿ ಬರೀ 1-0 ಸಾಕಾಗುತ್ತಿತ್ತು. 1-0 ಆಗಿದ್ದರಿಂದ ಅದೇ ಫಲಿತಾಂಶ ಅವರನ್ನು ಹೆಚ್ಚುವರಿ ಸಮಯಕ್ಕೆ ಮಾತ್ರ ಒಯ್ಯುತ್ತಿತ್ತು. ಇನ್ನೂ ಮುಂದೆ ಹೋಗಿ: ಅಲ್ಲಿ ಬಿಎಫ್‌ಸಿ ಒಂದು ಗೋಲು ಹೊಡೆದರೆ ಟ್ಯಾಂಪಿನೀಸ್‌ಗೆ ಮೂರು ಬೇಕು. ಯಾಕೆಂದರೆ 1-2 ಸೋತರೂ ಒಟ್ಟು 2-2 ಆಗಿ, ಅವೇ ಗೋಲಿನ ಮೇಲೆ ಬಿಎಫ್‌ಸಿ ದಾಟುತ್ತದೆ.

ಎದುರಾಳಿ ಕೋಚ್‌ಗೆ ಇದು ಇಕ್ಕಟ್ಟು. ಮುನ್ನುಗ್ಗಿದರೆ ಹಿಂದೆ ಉದಾಂತನಂಥ ಓಟಗಾರನಿಗೆ ಬಯಲು ಬಿಟ್ಟಂತೆ, ಮುನ್ನುಗ್ಗದಿದ್ದರೆ ಗೋಲು ಎಲ್ಲಿಂದ ಬರಬೇಕು? ಸೆಪ್ಟೆಂಬರ್ 21ರಂದು ಸಿಂಗಪುರದ ಜಲಾನ್ ಬೆಸಾರ್ ಸ್ಟೇಡಿಯಂನಲ್ಲಿ ಪಂದ್ಯ 0-0. ಅಲ್ಲಿನದು ಕೃತಕ ಹುಲ್ಲು. ಚೆಂಡು ಬೇಗ ಜಾರುತ್ತದೆ, ಉದ್ದ ಪಾಸ್ ಒಂದಿಷ್ಟು ಜಾಸ್ತಿ ಆದರೂ ಗೆರೆ ದಾಟಿ ಹೋಗುತ್ತದೆ, ಟ್ಯಾಕಲ್‌ಗೆ ಜಾರಿದರೆ ಮೊಣಕಾಲು ಸುಲಿಯುತ್ತದೆ. ಕಂಠೀರವದ ಸಹಜ ಹುಲ್ಲಿನಿಂದ ಏಳೇ ದಿನದಲ್ಲಿ ಅಲ್ಲಿಗೆ ಹೋಗುವ ತಂಡ ಸ್ಟಡ್ಸ್ ಬದಲಿಸಬೇಕು, ಉದ್ದ ಚೆಂಡು ಕಡಿಮೆ ಮಾಡಬೇಕು. ಬಿಎಫ್‌ಸಿಯಲ್ಲಿ ಹಳಬರಿಗೆ ಈ ನೆಲ ಹೊಸದಲ್ಲ, ಕ್ಲಬ್ ಮೊದಲ ಋತು ಆಡಿದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೂ ಇದ್ದದ್ದು ಕೃತಕ ಹುಲ್ಲೇ.

67 ರಿಂದ 75

ಸೆಮಿಫೈನಲ್‌ನಲ್ಲಿ ಮತ್ತೆ ಜೆಡಿಟಿ. ಮೊದಲ ಲೆಗ್ ಸೆಪ್ಟೆಂಬರ್ 28ರಂದು ಜೊಹೊರ್ ಬಾರುವಿನ ಲಾರ್ಕಿನ್ ಸ್ಟೇಡಿಯಂನಲ್ಲಿ. ಅವರು ಮುನ್ನಡೆದರು, ಲಿಂಗ್ಡೊ ಸಮ ಮಾಡಿದರು, 1-1. ಜೆಡಿಟಿ ಎದುರು ಬಿಎಫ್‌ಸಿ ಸೋಲದೆ ಬಂದ ಮೊದಲ ಪಂದ್ಯ ಇದು, ಮತ್ತು ಕೈಯಲ್ಲಿ ಒಂದು ಅವೇ ಗೋಲು.

ಎರಡನೇ ಲೆಗ್‌ಗೆ 21 ದಿನ ಬಿಡುವು. ಈ ಬಿಡುವಿನಲ್ಲೊಂದು ತೊಡಕಿತ್ತು. ಬಿಎಫ್‌ಸಿ ಆಗಿನ್ನೂ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಇರಲಿಲ್ಲ. ಅದರ ಭಾರತೀಯ ಆಟಗಾರರು ಐ-ಲೀಗ್ ಮುಗಿದ ಮೇಲೆ ಐಎಸ್‌ಎಲ್ ತಂಡಗಳಿಗೆ ಹೋಗಿ ಆಡಿ ವಾಪಸ್ ಬರುತ್ತಿದ್ದರು. ಐಎಸ್‌ಎಲ್ ಶುರುವಾದದ್ದು ಅಕ್ಟೋಬರ್ 1ಕ್ಕೆ. ಛೆಟ್ರಿಗೆ ಮುಂಬೈ ಸಿಟಿ, ವಿನೀತ್ ಮತ್ತು ರಿನೊ ಆಂಟೊಗೆ ಕೇರಳ ಬ್ಲಾಸ್ಟರ್ಸ್, ಲಿಂಗ್ಡೊಗೆ ಪುಣೆ ಸಿಟಿ ಕಾಯುತ್ತಿದ್ದವು. ಎಎಫ್‌ಸಿ ಕಪ್ ಮುಗಿಯುವ ತನಕ ಅವರು ಬೆಂಗಳೂರಿನಲ್ಲೇ ಉಳಿದರು. ಇದೊಂದು ಆಗದೆ ಹೋಗಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. (ವಿನೀತ್ ನವೆಂಬರ್‌ನಲ್ಲಿ ತಡವಾಗಿ ಬ್ಲಾಸ್ಟರ್ಸ್ ಸೇರಿಯೂ ಆ ಐಎಸ್‌ಎಲ್‌ನಲ್ಲಿ ಐದು ಗೋಲು ಹೊಡೆದರು. ಭಾರತೀಯರಲ್ಲಿ ಅದೇ ಅತಿ ಹೆಚ್ಚು.)

ಅಕ್ಟೋಬರ್ 19, ಕಂಠೀರವ. ಶುರುವಿನ ಲೆಕ್ಕ ಹೀಗೆ: ಗೆದ್ದರೆ ಸರಿ. 0-0 ಆದರೂ ಬಿಎಫ್‌ಸಿ ಫೈನಲ್‌ಗೆ. 1-1 ಆದರೆ ಎರಡೂ ಕಡೆ ಎಲ್ಲವೂ ಸಮ, ಹೆಚ್ಚುವರಿ ಸಮಯ. 2-2 ಅಥವಾ ಅದಕ್ಕಿಂತ ದೊಡ್ಡ ಡ್ರಾ ಆದರೆ ಜೆಡಿಟಿ ಫೈನಲ್‌ಗೆ. ಅಂದರೆ ಜೆಡಿಟಿ ಹೇಗೂ ಗೋಲು ಹೊಡೆಯಲೇಬೇಕು.

11ನೇ ನಿಮಿಷದಲ್ಲೇ ಅವರ ಸಫೀಕ್ ರಹೀಂ ಹೊಡೆದರು. 0-1. ಮೇಲ್ನೋಟಕ್ಕೆ ಬಿಎಫ್‌ಸಿ ಕಥೆ ಕೆಟ್ಟಿತು ಅನಿಸುತ್ತದೆ. ಆದರೆ ಲೆಕ್ಕದಲ್ಲಿ ಏನಾಯಿತು? ಇದುವರೆಗೆ ಸುಮ್ಮನೆ ಕೂತರೂ ಸಾಕಿತ್ತು, ಈಗ ಒಂದು ಹೊಡೆದರೆ ಹೆಚ್ಚುವರಿ ಸಮಯ, ಎರಡು ಹೊಡೆದರೆ ಗೆಲುವು. ಸಮಯ ಇನ್ನೂ 79 ನಿಮಿಷ. ಇಂಥ ಕಡೆ ತಂಡಗಳು ಮಾಡುವ ತಪ್ಪು ಒಂದೇ: ಹತ್ತೇ ನಿಮಿಷದಲ್ಲಿ ಸಾಲ ತೀರಿಸುತ್ತೇವೆ ಎಂದು ಎರಡೂ ಫುಲ್‌ಬ್ಯಾಕ್‌ಗಳನ್ನು ಒಟ್ಟಿಗೆ ಮೇಲೆ ಕಳಿಸುವುದು, ಹಿಂದೆ ಎರಡನೆಯದನ್ನು ತಿನ್ನುವುದು. 0-2 ಆದರೆ ಮೂರು ಹೊಡೆಯಬೇಕಾಗುತ್ತಿತ್ತು. ಬಿಎಫ್‌ಸಿ ಆ ಬಾಗಿಲು ತೆರೆಯಲಿಲ್ಲ.

41ನೇ ನಿಮಿಷದಲ್ಲಿ ಲಿಂಗ್ಡೊ ಕಾರ್ನರ್, ಛೆಟ್ರಿ ತಲೆ, 1-1. ಛೆಟ್ರಿ ಎತ್ತರದ ಮನುಷ್ಯನಲ್ಲ, ಸುಮಾರು ಐದಡಿ ಏಳಿಂಚು. ಆದರೂ ಕಾರ್ನರ್‌ನಲ್ಲಿ ಇಂಥವರಿಗೆ ಜಾಗ ಸಿಗುವುದಕ್ಕೆ ಕಾರಣ ಇದೆ. ಎದುರಾಳಿಯ ಉದ್ದನೆಯ ಡಿಫೆಂಡರ್‌ಗಳೆಲ್ಲ ಜಾನ್ಸನ್, ಹುವಾನನ್‌ರಂಥವರನ್ನು ಹಿಡಿದಿಡುವುದರಲ್ಲಿ ಖರ್ಚಾಗಿಬಿಡುತ್ತಾರೆ. ಮಿಕ್ಕ ಗಿಡ್ಡನೆಯವನನ್ನು ಕಾಯಲು ಉಳಿಯುವವನೂ ಗಿಡ್ಡನೆಯವನೇ, ಅವನಿಗಿಂತ ಒಂದು ಹೆಜ್ಜೆ ಮೊದಲು ಓಡಿದರೆ ಸಾಕು. ಚೆಂಡು ಮಾತ್ರ ಹೇಳಿದ ಜಾಗಕ್ಕೇ ಬೀಳಬೇಕು. ಲಿಂಗ್ಡೊ ಕಾಲಿನ ಬೆಲೆ ಅದು. ಮೊದಲ ಲೆಗ್‌ನ ಗೋಲು ಅವರದು, ಎರಡನೆಯದರಲ್ಲಿ ಎರಡು ಗೋಲುಗಳ ಚೆಂಡು ಬಂದದ್ದು ಅವರ ಕಾಲಿನಿಂದ. ಛೆಟ್ರಿ ಹೆಸರಿನ ನೆರಳಲ್ಲಿ ಈ ಮಾತು ಸಾಕಷ್ಟು ಕೇಳಿಬರುವುದಿಲ್ಲ.

67ನೇ ನಿಮಿಷ, ಛೆಟ್ರಿ ಬಾಕ್ಸಿನ ಹೊರಗಿನಿಂದ ಬಾರಿಸಿದರು, 2-1. ಸ್ಟೇಡಿಯಂ ಎದ್ದು ಕುಣಿದ ಹೊತ್ತಿನಲ್ಲಿ ಕಾಗದ ಪೆನ್ನು ಹಿಡಿದು ಕೂತವನಿಗೆ ಮಾತ್ರ ನಿರಾಳ ಇಲ್ಲ. ಒಟ್ಟು ಲೆಕ್ಕ ಈಗ 3-2. ಜೆಡಿಟಿ ಇನ್ನೊಂದು ಹೊಡೆದರೆ ಪಂದ್ಯ 2-2, ಒಟ್ಟು 3-3. ಅವೇ ಗೋಲು ಜೆಡಿಟಿಯದು ಎರಡು, ಬಿಎಫ್‌ಸಿಯದು ಒಂದು. ಹೆಚ್ಚುವರಿ ಸಮಯವೂ ಇಲ್ಲ, ಬಿಎಫ್‌ಸಿ ನೇರ ಹೊರಗೆ. ಮುನ್ನಡೆಯಲ್ಲಿದ್ದೂ ಒಂದೇ ಗೋಲಿನ ದೂರದಲ್ಲಿ ಔಟ್ ಆಗುವ ಸ್ಥಿತಿ. ತಮಾಷೆ ಅಂದರೆ 1-1 ಇದ್ದಾಗಲೂ ಜೆಡಿಟಿಯ ಒಂದು ಗೋಲು ಅವರನ್ನು ಮುಂದೆ ತಳ್ಳುತ್ತಿತ್ತು, 2-1 ಆದ ಮೇಲೂ ಒಂದೇ ಗೋಲು ಸಾಕಿತ್ತು. ಛೆಟ್ರಿಯ ಆ ಸುಂದರ ಗೋಲು ಬಿಎಫ್‌ಸಿಯನ್ನು ಫೈನಲ್‌ನ ಬಾಗಿಲಿಗೆ ತಂದಿತು ನಿಜ, ಆದರೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಚಿಲಕ ಹಾಕಿದ್ದು 75ನೇ ನಿಮಿಷದ ಗೋಲು. ಲಿಂಗ್ಡೊ ಫ್ರೀಕಿಕ್‌ಗೆ ಹುವಾನನ್ ತಲೆ ಕೊಟ್ಟರು, 3-1. ಈಗ ಒಂದು ಬಿಟ್ಟುಕೊಟ್ಟರೂ ಒಟ್ಟು 4-3, ಬಿಎಫ್‌ಸಿ ಸೇಫ್. ಜೆಡಿಟಿಗೆ 15 ನಿಮಿಷದಲ್ಲಿ ಎರಡು ಬೇಕು. ಡಿಫೆಂಡರ್ ಒಬ್ಬ ತಲೆಯಲ್ಲಿ ಒತ್ತಿದ ಗೋಲು ಯಾವ ಹೈಲೈಟ್ಸ್ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ, ಆದರೆ ಇಡೀ ಟೂರ್ನಿಯಲ್ಲಿ ಅತಿ ತೂಕದ ಗೋಲು ಯಾವುದು ಎಂದರೆ ನಾನು ಅದನ್ನೇ ತೋರಿಸುತ್ತೇನೆ. ಆ ಎಂಟು ನಿಮಿಷ ಬಿಎಫ್‌ಸಿ ಹಿಂದೆ ಸರಿದು ಕೂರದೆ ಮೂರನೆಯದಕ್ಕೆ ಹೋದದ್ದೂ ಸರಿಯಾದ ಲೆಕ್ಕ. ಹಿಂದೆ ಕೂತರೆ ಒಂದು ತಪ್ಪಿಗೆ ಎಲ್ಲ ಹೋಗುತ್ತದೆ, ಮುಂದೆ ಹೋಗಿ ಒಂದು ಸಿಕ್ಕರೆ ಒಂದು ತಪ್ಪನ್ನು ಮಾಡುವ ಸ್ವಾತಂತ್ರ್ಯ ಸಿಗುತ್ತದೆ.

ಅಂತಿಮ 3-1, ಒಟ್ಟು 4-2. ಹಾಲಿ ಚಾಂಪಿಯನ್ ಹೊರಗೆ.

ನಾಕೌಟ್ ಹಾದಿಯನ್ನು ಹೀಗೆ ಹಿಂಬಾಲಿಸುವ ಆಸೆ ಇದ್ದವರಿಗೆ ಒಂದು ಹಾಳೆ ಸಾಕು. ಪ್ರತಿ ಪಂದ್ಯಕ್ಕೆ ಒಂದು ಸಾಲು: ದಿನಾಂಕ, ಊರು, ನೆಲ ಯಾವುದು, ಹಿಂದಿನ ಪಂದ್ಯದಿಂದ ಎಷ್ಟು ದಿನ. ಎರಡನೇ ಲೆಗ್ ನೋಡುವಾಗ ಪ್ರತಿ ಗೋಲಿನ ಪಕ್ಕದಲ್ಲಿ ‘ಈಗ ಎದುರಾಳಿಗೆ ಎಷ್ಟು ಬೇಕು’ ಅನ್ನುವ ಒಂದೇ ಸಂಖ್ಯೆ ಬರೆಯಿರಿ. ಸ್ಕೋರ್‌ಬೋರ್ಡ್ ತೋರಿಸದ ಸಂಖ್ಯೆ ಅದು, ಕೋಚ್ ತಲೆಯಲ್ಲಿ ಓಡುತ್ತಿರುವುದೂ ಅದೇ. ಇನ್ನೊಂದು ಕಾಲಂ ಬಹಳ ಜನ ಮರೆಯುತ್ತಾರೆ: ಹಳದಿ ಕಾರ್ಡ್.

ಕಾರ್ಡಿನ ಸಾಲ

ಬೇರೆ ಬೇರೆ ಪಂದ್ಯಗಳಲ್ಲಿ ಎರಡು ಹಳದಿ ಕಂಡರೆ ಮುಂದಿನ ಪಂದ್ಯ ಹೊರಗೆ. ಸೆಮಿಫೈನಲ್ ಎರಡನೇ ಲೆಗ್‌ನಲ್ಲಿ ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಆ ಎರಡನೆಯದು ಬಂತು. ಫೈನಲ್ ತಪ್ಪಿತು. ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಒಂಟಿ ಹಳದಿಗಳನ್ನು ಅಳಿಸುತ್ತಾರೆ, ಹಳದಿ ಕೂಡಿ ಯಾರೂ ಫೈನಲ್ ತಪ್ಪಿಸಿಕೊಳ್ಳಬಾರದು ಅಂತ. ಇಲ್ಲಿ ಆ ಕರುಣೆ ಸಿಗಲಿಲ್ಲ. ಔಟ್‌ಫೀಲ್ಡ್ ಆಟಗಾರನ ಹಳದಿ ಹೆಚ್ಚಾಗಿ ಟ್ಯಾಕಲ್‌ನಿಂದ ಬರುತ್ತದೆ, ಆಟದ ಭಾಗ ಅಂದುಕೊಳ್ಳಬಹುದು. ಕೀಪರ್‌ಗಳಿಗೆ ಸಾಮಾನ್ಯವಾಗಿ ಬರುವುದು ಗೋಲ್‌ಕಿಕ್ ತಡ ಮಾಡಿದ್ದಕ್ಕೋ ರೆಫರಿ ಜೊತೆ ವಾದಕ್ಕೋ. ಹಾಗಾಗಿ ಒಂದು ಹಳದಿ ಹೊತ್ತ ಕೀಪರ್‌ಗೆ ಸೆಮಿಫೈನಲ್ ಹಿಂದಿನ ರಾತ್ರಿಯೇ ಬೆಂಚಿನಿಂದ ಯಾರಾದರೂ ಕಿವಿಮಾತು ಹೇಳಬೇಕಾಗುತ್ತದೆ.

ಫೈನಲ್‌ನಲ್ಲಿ ಗೋಲಿಗೆ ನಿಂತದ್ದು ಮಿಜೋರಾಂನ ಲಾಲ್ತುವಮ್ಮಾವಿಯಾ ರಾಲ್ಟೆ. ಇವರು ಕ್ಲಬ್‌ಗೆ ಹೊಸಬರಲ್ಲ, ಚೆನ್ನಾಗಿಯೇ ತಡೆದರು. ಸೋಲನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ.

ಎದುರಾಳಿ ಇರಾಕ್‌ನ ಅಲ್ ಕುವಾ ಅಲ್ ಜವಿಯಾ, ಅಂದರೆ ವಾಯುಪಡೆಯ ಕ್ಲಬ್. 1931ರಷ್ಟು ಹಳೆಯದು. ಫೈನಲ್ ನಡೆಸುವ ಸರದಿ ಪಶ್ಚಿಮದ್ದಾಗಿತ್ತು, ಆದರೆ ಇರಾಕ್‌ನಲ್ಲಿ ಆಗ ಇಂಥ ಪಂದ್ಯ ನಡೆಸುವಂತಿರಲಿಲ್ಲ. ಹಾಗಾಗಿ ದೋಹಾದ ಸುಹೈಮ್ ಬಿನ್ ಹಮದ್ ಸ್ಟೇಡಿಯಂ. ಅವರ ಹಮ್ಮಾದಿ ಅಹ್ಮದ್ ಒಬ್ಬರೇ ಆ ಟೂರ್ನಿಯಲ್ಲಿ ಹೊಡೆದದ್ದು 16 ಗೋಲು.

ನವೆಂಬರ್ 5ರ ಆ ಪಂದ್ಯಕ್ಕೆ ಬಿಎಫ್‌ಸಿಯ ಹಳೆಯ ಲೆಕ್ಕದ ಪುಸ್ತಕ ಉಪಯೋಗಕ್ಕೆ ಬರಲಿಲ್ಲ. ಎರಡನೇ ಲೆಗ್ ಇಲ್ಲ, ಅವೇ ಗೋಲು ಇಲ್ಲ. 0-0 ಈಗ ಆಸ್ತಿಯಲ್ಲ, ಬರೀ ಮುಂದೂಡಿಕೆ. ಎದುರಿನವರು ಮೈಕಟ್ಟಿನಲ್ಲೂ ವೇಗದಲ್ಲೂ ಒಂದು ಮೆಟ್ಟಿಲು ಮೇಲಿದ್ದರು. ಚೆಂಡಿಲ್ಲದೆ ಓಡುವ ಕೆಲಸವೇ ಬಿಎಫ್‌ಸಿ ಪಾಲಿಗೆ ಹೆಚ್ಚಾಯಿತು, ಓಡಿ ಓಡಿ ಕಾಲು ಭಾರವಾದ ಮೇಲೆ ಚೆಂಡು ಸಿಕ್ಕರೂ ಮುಂದಕ್ಕೆ ಒಯ್ಯುವ ಶಕ್ತಿ ಉಳಿಯುವುದಿಲ್ಲ. 70ನೇ ನಿಮಿಷದಲ್ಲಿ ಅಮ್ಜದ್ ರಾಧಿ ಡಿಫೆನ್ಸ್ ಬಿಡಿಸಿಕೊಂಡು ಒಳನುಗ್ಗಿ ಚೆಂಡು ಅಡ್ಡ ಕೊಟ್ಟರು, ಹಮ್ಮಾದಿ ಮುಗಿಸಿದರು. 1-0. ವಿದೇಶಿ ಸ್ಟ್ರೈಕರ್ ಇಲ್ಲದ ತೀರ್ಮಾನ ಕೈಕೊಟ್ಟ ಒಂದೇ ರಾತ್ರಿ ಇದು ಅಂತ ವಾದಿಸಬಹುದು. ಗೋಲಿಗೆ ಬೆನ್ನು ಕೊಟ್ಟು ನಿಂತು, ಉದ್ದ ಚೆಂಡು ಹಿಡಿದಿಟ್ಟು, ತಂಡ ಮೇಲೆ ಬರುವ ತನಕ ಕಾಯಬಲ್ಲ ಒಬ್ಬ ಗಟ್ಟಿ ಸ್ಟ್ರೈಕರ್ ಬೆಂಚಿನಲ್ಲಿ ಇದ್ದಿದ್ದರೆ ಆ ಕೊನೆಯ 20 ನಿಮಿಷಕ್ಕೆ ಬೇಕಾಗಿತ್ತು. ಆದರೆ ಅಂಥವನಿಗೆ ಜಾಗ ಕೊಡಬೇಕಾದರೆ ಹುವಾನನ್, ಜಾನ್ಸನ್, ರೂಬಿಯೊ ಇವರಲ್ಲಿ ಒಬ್ಬರನ್ನು ಬಿಡಬೇಕಿತ್ತು. ಬಿಟ್ಟಿದ್ದರೆ ದೋಹಾ ತನಕ ಬರುತ್ತಿದ್ದರಾ ಅನ್ನುವುದು ಬೇರೆ ಪ್ರಶ್ನೆ. ಇರಾಕ್‌ನ ಕ್ಲಬ್ಬೊಂದು ಈ ಕಪ್ ಗೆದ್ದದ್ದು ಅದೇ ಮೊದಲು, ಅದೇ ತಂಡ 2017 ಮತ್ತು 2018ರಲ್ಲೂ ಗೆದ್ದಿತು.

2017ಕ್ಕೆ ಎಎಫ್‌ಸಿ ಹಾದಿಯನ್ನೇ ಬದಲಿಸಿತು. ಏಷ್ಯಾವನ್ನು ಐದು ವಲಯ ಮಾಡಿ, ದಕ್ಷಿಣ ಏಷ್ಯಾದ ಗುಂಪಿನಿಂದ ಮೊದಲು ಬಂದವರಿಗೆ ಮಾತ್ರ ದಾರಿ. ಹಿಂದಿನ ವರ್ಷದ ಹಾಗೆ ಎರಡನೇ ಸ್ಥಾನ ಬಂದಿದ್ದರೆ ಬಿಎಫ್‌ಸಿ ಗುಂಪಿನಲ್ಲೇ ಮುಗಿಯುತ್ತಿತ್ತು. ಮೊದಲ ಸ್ಥಾನವೇ ಬಂತು. ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ತವರಿನಲ್ಲಿ 3-0ರಿಂದ ಸೋಲಿಸಿ, ಪ್ಯೊಂಗ್ಯಾಂಗ್‌ನಲ್ಲಿ 0-0 ಕಾಯ್ದುಕೊಂಡರು. ಟ್ಯಾಂಪಿನೀಸ್ ಮೇಲೆ ಹಾಕಿದ್ದ ಅದೇ ಪಟ್ಟು. ಅಂತರ ವಲಯ ಫೈನಲ್‌ನಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಮೊದಲ ಲೆಗ್ ದುಶಾಂಬೆಯಲ್ಲಿ 0-1. ಈ ಸಲ ಕೈಯಲ್ಲಿ ಅವೇ ಗೋಲು ಇಲ್ಲ. ಅಂದರೆ ಕಂಠೀರವದಲ್ಲಿ ಎದುರಾಳಿ ಒಂದು ಹೊಡೆದರೆ ಬಿಎಫ್‌ಸಿಗೆ ಮೂರು ಬೇಕು, ಎರಡು ಹೊಡೆದರೆ ನಾಲ್ಕು. ಅವರು ಎರಡು ಹೊಡೆದರು, ಬಿಎಫ್‌ಸಿಯೂ ಎರಡು. 2-2, ಒಟ್ಟು 2-3. ಅವೇ ಗೋಲ್ ನಿಯಮವನ್ನು ಎಎಫ್‌ಸಿ 2023-24ರ ಋತುವಿನಿಂದ ಕೈಬಿಟ್ಟಿತು. ಈಗ ಅದೇ 67ನೇ ನಿಮಿಷದ ಸ್ಥಿತಿ ಮತ್ತೆ ಬಂದು ಎದುರಾಳಿ ಸಮ ಮಾಡಿದರೂ ಇನ್ನೂ 30 ನಿಮಿಷ ಆಟ ಉಳಿದಿರುತ್ತದೆ.